ಬಳ್ಳಾರಿಯ ಹಳೆಯ ಎಂಜಿ ಕಾರು: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಹತ್ತಿರ 1951ರ ಎಂಜಿ ಟಿಡಿ ಕಾರಿದೆ. ಎರಡೇ ಸೀಟು, ತಲೆ ಮೇಲೆ ಸೂರಿಲ್ಲ, ಕೆನೆ ಬಣ್ಣ. ಶಾಲೆಯ ಪ್ರದರ್ಶನಕ್ಕೋ ಹಳೆ ಕಾರುಗಳ ಮೇಳಕ್ಕೋ, ಎಲ್ಲಿಗೆ ತಗೊಂಡು ಹೋದರೂ ಐದು ನಿಮಿಷದಲ್ಲಿ ಸುತ್ತ ಜನ ಸೇರುತ್ತಾರೆ. ಅರ್ಧ ಜನ ಪ್ರಶ್ನೆ ಕೇಳುತ್ತಾರೆ, ಉಳಿದವರು ಕಥೆ ಹೇಳುತ್ತಾರೆ. ಹದಿನೈದು ವರ್ಷದಲ್ಲಿ ಮತ್ತೆ ಮತ್ತೆ ಕಿವಿಗೆ ಬಿದ್ದದ್ದನ್ನು ಕೇಳಿದವರ ಮಾತಲ್ಲೇ ಇಲ್ಲಿ ಬರೆದಿಟ್ಟಿದ್ದೇನೆ. ಕಾರಿನ ಪಕ್ಕ ನಿಂತಾಗ ಯಾರಿಗೂ ಪೂರ್ತಿ ಉತ್ತರ ಕೊಡಲು ಆಗುವುದಿಲ್ಲ. ಅಷ್ಟರಲ್ಲಿ ಹಿಂದಿನಿಂದ ಇನ್ನೊಬ್ಬರು ಹೆಗಲು ತಟ್ಟಿರುತ್ತಾರೆ.

## ಮೊದಲ ನೋಟಕ್ಕೆ

"ಇದು ಯಾವ್ ಗಾಡಿ ಅಣ್ಣಾ, ಜೀಪಾ?"

ಜೀಪಲ್ಲ. ಮುಂದಿನ ಗಾಜು ಮಡಚಿ ಬಾನೆಟ್ ಮೇಲೆ ಮಲಗಿಸಬಹುದು, ಅದಕ್ಕೇ ಜೀಪಿನ ನೆನಪಾಗುವುದು. ಇದು ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ತಯಾರಾದ ಸ್ಪೋರ್ಟ್ಸ್ ಕಾರು. ಟಿಡಿ ಅನ್ನುವ ಈ ಮಾದರಿ 1953ರವರೆಗೆ ಬಂತು, ಒಟ್ಟು 29,664 ಕಾರು ತಯಾರಾದವು. ಅದರಲ್ಲಿ 23,000ಕ್ಕೂ ಜಾಸ್ತಿ ಅಮೆರಿಕಕ್ಕೇ ಹೋದವು.

ಎಂಜಿ ಅಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡ್ ಊರಿನಲ್ಲಿ ವಿಲಿಯಂ ಮಾರಿಸ್ ಅವರದೊಂದು ಗ್ಯಾರೇಜು. ಅಲ್ಲಿ ಮ್ಯಾನೇಜರ್ ಆಗಿದ್ದ ಸೆಸಿಲ್ ಕಿಂಬರ್ 1920ರ ದಶಕದಲ್ಲಿ ಸಾದಾ ಮಾರಿಸ್ ಕಾರುಗಳಿಗೆ ಚೆಂದದ, ಹಗುರ ಬಾಡಿ ಕಟ್ಟಿಸಿ ಮಾರಲು ಶುರು ಮಾಡಿದರು. ಎಂಟು ಮೂಲೆಯ ಈ ಬ್ಯಾಡ್ಜು ಹುಟ್ಟಿದ್ದು ಅಲ್ಲಿಂದ. ಇನ್ನೊಂದು ಮಾತು. ನಮ್ಮ ಅಂಬಾಸಿಡರ್ ಇದೆಯಲ್ಲ, ಅದರ ಮೂಲವೂ ಮಾರಿಸ್ ಆಕ್ಸ್‌ಫರ್ಡ್ ಕಾರೇ. ಹಾಗಾಗಿ ಅಂಬಾಸಿಡರ್‌ಗೂ ಇದಕ್ಕೂ ದಾಯಾದಿ ಸಂಬಂಧ.

"ಎಂಜಿ ಅಂದ್ರ ಜಿಂದಾಲ್‌ನೋರ್ದು ಅಲ್ವಾ? ತೋರಣಗಲ್ಲಾಗ ಮಾಡ್ಯಾರೇನು?"

ಬಳ್ಳಾರಿ ಬಿಟ್ಟು ಬೇರೆ ಊರಲ್ಲಿ ಈ ಪ್ರಶ್ನೆ ಯಾರೂ ಕೇಳಿಲ್ಲ. ಕೇಳುವುದರಲ್ಲಿ ತಪ್ಪೂ ಇಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ನಡೆಸುವ ಜಿಂದಾಲರ ಜೆಎಸ್‌ಡಬ್ಲ್ಯು ಗುಂಪೇ ಈಗ ಎಂಜಿ ಕಾರುಗಳ ಭಾರತದ ಕಂಪನಿಯಲ್ಲಿ ಪಾಲುದಾರ. ನಡುವಿನ ದಾರಿ ಮಾತ್ರ ಉದ್ದ. ಇಂಗ್ಲೆಂಡಿನ ಎಂಜಿ ರೋವರ್ ಕಂಪನಿ 2005ರಲ್ಲಿ ಮುಳುಗಿತು. ಚೀನಾದ ಕಂಪನಿಯೊಂದು ಅದರ ಆಸ್ತಿ ಕೊಂಡಿತು, ಆಮೇಲೆ ಅದು ಶಾಂಘೈನ ಎಸ್‌ಎಐಸಿ ಕೈಗೆ ಬಂತು. ಅವರು ಗುಜರಾತಿನ ಹಾಲೋಲ್‌ನಲ್ಲಿ ಕಾರ್ಖಾನೆ ತೆರೆದು 2019ರಲ್ಲಿ ಹೆಕ್ಟರ್ ಅನ್ನುವ ಕಾರು ತಂದರು. ಜೆಎಸ್‌ಡಬ್ಲ್ಯು 35% ಪಾಲು ತಗೊಂಡದ್ದು ಅದಾದ ಮೇಲೆ.

ಅಂದರೆ ಬ್ಯಾಡ್ಜು ಅದೇ, ಕಾರು ಬೇರೆ. ನನ್ನ ಕಾರು ಹುಟ್ಟಿದಾಗ ತೋರಣಗಲ್ಲಿನಲ್ಲಿ ಕಾರ್ಖಾನೆಯೇ ಇರಲಿಲ್ಲ. ಬಳ್ಳಾರಿಯೂ ಆಗ ಮೈಸೂರು ರಾಜ್ಯಕ್ಕೆ ಸೇರಿರಲಿಲ್ಲ. ನಾವು ಮದ್ರಾಸಿನಿಂದ ಈಚೆ ಬಂದದ್ದು 1953ರ ಅಕ್ಟೋಬರ್ 1ಕ್ಕೆ.

"ಲೀಟರ್‌ಗೆ ಎಷ್ಟ್ ಕೊಡ್ತೈತಿ?"

ಎಂಟರಿಂದ ಒಂಬತ್ತು ಕಿಲೋಮೀಟರ್. ಟ್ಯಾಂಕಿನಲ್ಲಿ 57 ಲೀಟರ್ ಹಿಡಿಯುತ್ತದೆ. ಪೆಟ್ರೋಲ್ ಎಷ್ಟಿದೆ ಅಂತ ತೋರಿಸುವ ಮುಳ್ಳು ಈ ಕಾರಿಗಿಲ್ಲ. ಮುಗಿಯುತ್ತಾ ಬಂದಾಗ ಡ್ಯಾಶ್‌ಬೋರ್ಡಿನಲ್ಲಿ ಒಂದು ಹಸಿರು ದೀಪ ಹತ್ತುತ್ತದೆ, ಅಷ್ಟೇ. ನಾನು ಒಂದು ಬಿದಿರು ಕಡ್ಡಿ ಇಟ್ಟುಕೊಂಡಿದ್ದೇನೆ. ಐದೈದು ಲೀಟರ್ ಹಾಕಿಸಿ, ಪ್ರತಿ ಸಲ ಅದ್ದಿ ನೋಡಿ, ಒದ್ದೆ ನಿಂತ ಜಾಗಕ್ಕೆ ಚಾಕುವಿನಿಂದ ಗೀರು ಹಾಕಿದ್ದು. ಮಕ್ಕಳಿಗೆ ಇಡೀ ಕಾರಿಗಿಂತ ಆ ಕಡ್ಡಿಯೇ ಇಷ್ಟ. ಬಗ್ಗಿ ಟ್ಯಾಂಕಿಗೆ ಅದ್ದಿ, ಮೇಲೆತ್ತಿ, ಒಣಗುವ ಮೊದಲು ಗೀರು ಎಣಿಸುತ್ತಾರೆ.

"ಒಳಗ ಕುಂದ್ರಬೋದಾ? ಒಂದ್ ಫೋಟೋ?"

ಧಾರಾಳವಾಗಿ. ಬೆಲ್ಟಿನ ಬಕಲ್ಲು, ಜೇಬಿನಲ್ಲಿರುವ ಕೀ ತೆಗೆದಿಟ್ಟು ಕೂರಬೇಕು, ಇಲ್ಲದಿದ್ದರೆ ಬಣ್ಣಕ್ಕೆ ಗೀರು ಬೀಳುತ್ತದೆ. ಬಾಗಿಲು ನಾನೇ ತೆಗೆಯುತ್ತೇನೆ. ಅದರ ಹಿಂಜು ಹಿಂದಕ್ಕಿದೆ, ಹಿಡಿ ಮುಂದಕ್ಕಿದೆ, ಅಭ್ಯಾಸ ಇಲ್ಲದವರು ಎಳೆದರೆ ಮುರಿಯುತ್ತದೆ. ಮಕ್ಕಳು ಕೂತಾಗ ಅಪ್ಪ ಅಮ್ಮ ಗದರುವುದು ಬೇಡ. ಕಾರು ಇರುವುದೇ ಅದಕ್ಕೆ.

"ಸ್ಪೋರ್ಟ್ಸ್ ಕಾರ್ ಅಂತೀರಿ, ಇನ್ನೂರು ಹೋಗ್ತೈತಾ?"

ಇಲ್ಲ. ಹೊಸದಿದ್ದಾಗಲೂ ಹೆಚ್ಚೆಂದರೆ 125 ಕಿಲೋಮೀಟರ್. ಎಂಜಿನ್ 1250 ಸಿಸಿ, ಶಕ್ತಿ 54 ಕುದುರೆ. ಇವತ್ತಿನ ಸಣ್ಣ ಫ್ಯಾಮಿಲಿ ಕಾರಿಗೂ ಇದಕ್ಕಿಂತ ಜಾಸ್ತಿ ಇರುತ್ತದೆ. ಆದರೆ ಇದರಲ್ಲಿ ಕೂತರೆ ಕೈ ಕೆಳಗೆ ಚಾಚಿ ರಸ್ತೆ ಮುಟ್ಟುವಷ್ಟು ಕೆಳಗಿರುತ್ತೀರಿ. ಸ್ಟೀರಿಂಗು ಒಂದು ಬೆರಳು ತಿರುಗಿಸಿದರೆ ಮೂತಿ ತಿರುಗುತ್ತದೆ. ಸಂಡೂರು ಘಾಟಿಯ ತಿರುವಿನಲ್ಲಿ ಇದನ್ನು 50ರಲ್ಲಿ ಓಡಿಸಿದ ಖುಷಿ ಹೆದ್ದಾರಿಯಲ್ಲಿ 120 ಹೋದರೂ ಸಿಗುವುದಿಲ್ಲ. ಸ್ಪೋರ್ಟ್ಸ್ ಕಾರು ಅನ್ನುವ ಮಾತಿಗೆ ಆಗ ಇದ್ದ ಅರ್ಥ ಅದು. ಈಗಲೂ ಅದೇ ಸರಿ ಅಂತ ನನ್ನ ಅನಿಸಿಕೆ.

## ಕಥೆಗಳು, ನಂಬಿಕೆಗಳು

"ಇದು ಸಂಡೂರು ರಾಜರ ಕಾರಂತೆ, ಹೌದೇನ್ರಿ?"

ಅಲ್ಲ. ಸಂಡೂರು ಸಂಸ್ಥಾನ 1949ರಲ್ಲೇ ಮದ್ರಾಸ್ ಪ್ರಾಂತ್ಯದಲ್ಲಿ ವಿಲೀನವಾಗಿತ್ತು. ಈ ಕಾರು ತಯಾರಾದದ್ದು ಎರಡು ವರ್ಷದ ನಂತರ. ನಾನು ಕೊಂಡದ್ದು ಚೆನ್ನೈನ ಒಂದು ಮನೆಯಿಂದ, ಅದರ ಹಳೆಯ ಕಾಗದದಲ್ಲಿ ಬಳ್ಳಾರಿಯ ಹೆಸರೇ ಇಲ್ಲ.

ಹಳೆಯ ಕಾರು ಯಾವುದೇ ಇರಲಿ, ನಮ್ಮ ಕಡೆ ಜನ ಮೊದಲು ಹತ್ತಿರದ ರಾಜಮನೆತನಕ್ಕೆ ಸೇರಿಸುತ್ತಾರೆ. ಸಂಡೂರು, ಆನೆಗೊಂದಿ, ಒಮ್ಮೊಮ್ಮೆ ಹೈದರಾಬಾದಿನ ನಿಜಾಮರು. ಮಾರುವವರು ಈ ಕಥೆಯ ಮೇಲೆ ಲಕ್ಷಗಟ್ಟಲೆ ಬೆಲೆ ಏರಿಸುವುದನ್ನು ನೋಡಿದ್ದೇನೆ. ಹಾಗಾಗಿ ಈ ಒಂದು ಕಥೆಯನ್ನು ಮಾತ್ರ ನಾನು ಅಲ್ಲೇ ತಿದ್ದುತ್ತೇನೆ. ಕಾಗದ ಇಲ್ಲದ ರಾಜರ ಕಾರಿಗೆ ದುಡ್ಡು ಕೊಡಬೇಡಿ.

"ನಮ್ಮಜ್ಜಂದೂ ಸೇಮ್ ಇಂಥದ ಇತ್ತು. ನೀವು ನಂಬಂಗಿಲ್ಲ, ಅಲ್ವಾ?"

ನಂಬುತ್ತೇನೆ. ಇಂಥದೇ ಅನ್ನುವುದನ್ನು ಮಾತ್ರ ಸ್ವಲ್ಪ ಕೆದಕಿ ನೋಡುತ್ತೇನೆ. ಎಷ್ಟು ಜನ ಕೂರುತ್ತಿದ್ದರು? ಟಾಪು ಬಟ್ಟೆಯದಾ, ತಗಡಿನದಾ? ಬಾಗಿಲು ಯಾವ ಕಡೆಯಿಂದ ತೆಗೆಯುತ್ತಿತ್ತು? ಮಾತಾಡುತ್ತಾ ಹೋದರೆ ಬಹಳ ಸಲ ಅದು ಮಾರಿಸ್ ಮೈನರ್ ಆಗಿರುತ್ತದೆ, ಇಲ್ಲವೇ ಬೇಬಿ ಆಸ್ಟಿನ್. ಆಗ ಅವರ ಮುಖ ಸಪ್ಪೆ ಆಗುವುದಿಲ್ಲ, ಅರಳುತ್ತದೆ. ಅಜ್ಜನ ಕಾರಿಗೆ ಹೆಸರು ಸಿಕ್ಕಿತಲ್ಲ.

ಒಬ್ಬ ಹಿರಿಯರ ಕಥೆ ಹೇಳಲೇಬೇಕು. ಬಿಳಿ ಧೋತರ, ಕೈಯಲ್ಲಿ ಮಡಚಿದ ಛತ್ರಿ. ಕಾರಿನ ಸುತ್ತ ಎರಡು ಸುತ್ತು ಹಾಕಿ ನಿಂತರು. "ತುಂಗಭದ್ರಾ ಡ್ಯಾಂ ಕಟ್ಟೋವಾಗ ನಾನು ಸಣ್ಣ ಹುಡುಗ. ಒಬ್ಬ ಎಂಜಿನಿಯರ್ ಇಂಥಾ ಕಾರಿನ್ಯಾಗ ಬರ್ತಿದ್ದ. ಒಂದಿನ ಆ ಕಾರು ಹೊಳಿಯಾಗ ತೇಲಿಕೊಂಡು ಆ ದಂಡಿಗೆ ಹೋತು. ನಾ ಕಣ್ಣಾರೆ ನೋಡೀನಿ." ಸುತ್ತ ನಿಂತ ಹುಡುಗರು ನಕ್ಕರು. ನಾನು ಬಾಗಿಲಿನ ಪ್ರಶ್ನೆ ಕೇಳಿದೆ. ಅವರು ಬಾಯಿಂದ ಉತ್ತರ ಕೊಡಲಿಲ್ಲ. ಛತ್ರಿ ಕಂಕುಳಲ್ಲಿ ಇಟ್ಟುಕೊಂಡು, ಬಾಗಿಲಿನ ಮುಂದಿನ ಅಂಚಿಗೆ ಅಂಗೈ ಹಚ್ಚಿ, ಗಾಳಿಯಲ್ಲೇ ಹಿಂದಕ್ಕೆ ಸರಿಸಿ ತೋರಿಸಿದರು. ಸರಿಯಾದ ಕಡೆಯಿಂದ. "ಹಿಂಗ" ಅಂದರು.

ಆ ಕಾಲದ ಬಹಳಷ್ಟು ಕಾರುಗಳ ಬಾಗಿಲು ಹಾಗೇ ತೆಗೆಯುತ್ತಿದ್ದವು. ಹಾಗಾಗಿ ಅದು ಎಂಜಿಯೇ ಅಂತ ಹೇಳಲಾರೆ. ಆದರೆ ಅವರು ಅಂಥ ಒಂದು ಕಾರನ್ನು ಹತ್ತಿರದಿಂದ ನೋಡಿದ್ದು ನಿಜ. ತೇಲಿದ್ದು? ಡ್ಯಾಮಿನ ಕೆಲಸ ಶುರುವಾದದ್ದು 1945ರಲ್ಲಿ. ಆಗ ಹೊಳೆಯ ಈ ದಂಡೆ ಮದ್ರಾಸಿನದು, ಆ ದಂಡೆ ಹೈದರಾಬಾದಿನದು. ಸೇತುವೆ ಇಲ್ಲದ ಕಡೆ ಎರಡು ದೋಣಿ ಜೋಡಿಸಿ, ಮೇಲೆ ಹಲಗೆ ಹಾಸಿ, ಮೋಟಾರುಗಳನ್ನು ದಾಟಿಸುವುದು ನಮ್ಮ ದೇಶದ ಹೊಳೆಗಳಲ್ಲೆಲ್ಲ ಇದ್ದ ರೂಢಿ. ದಂಡೆಯ ಮೇಲೆ ನಿಂತ ಸಣ್ಣ ಹುಡುಗನಿಗೆ ನೀರಿನ ಮಟ್ಟಕ್ಕೆ ಮುಳುಗಿದ ದೋಣಿ ಕಂಡಿರುವುದಿಲ್ಲ, ಕಾರು ಕಂಡಿರುತ್ತದೆ. ಹೀಗೆ ನಡೆದಿರಬೇಕು ಅಂತ ನಾನು ಅಂದುಕೊಂಡಿದ್ದೇನೆ. ಅಂದಿನಿಂದ ಯಾರಾದರೂ ಕಥೆ ಹೇಳಿದರೆ, ಇವರು ಏನು ನೋಡಿರಬಹುದು ಅಂತ ಯೋಚಿಸುತ್ತೇನೆ. ನಗುವ ಹುಡುಗರಿಗೂ ಅದನ್ನೇ ಹೇಳುತ್ತೇನೆ.

"ಆಗಿನ ಕಬ್ಬಿಣ ನೋಡ್ರಿ! ಗುಂಡು ಹೊಡದ್ರೂ ತೂರಂಗಿಲ್ಲ, ಹೌದಲ್ಲ?"

ಅದಿರಿನ ಊರಿನವರು ನಾವು, ಕಬ್ಬಿಣದ ಮೇಲೆ ನಮಗೆ ಅಭಿಮಾನ ಜಾಸ್ತಿ. ಆದರೆ ಈ ಕಾರಿನ ಬಾಡಿಯ ಒಳಗಿರುವುದು ಮರ. ಕೆಳಗೆ ಉಕ್ಕಿನ ಚಾಸಿ ಇದೆ, ಅದರ ಮೇಲೆ ಆ್ಯಶ್ ಅನ್ನುವ ಮರದ ಚೌಕಟ್ಟು, ಆ ಚೌಕಟ್ಟಿಗೆ ತೆಳು ತಗಡು ಹೊದಿಸಿ ಮೊಳೆ ಹೊಡೆದಿದ್ದಾರೆ. ನಮ್ಮ ಕಡೆ ಎತ್ತಿನ ಗಾಡಿ ಕಟ್ಟುವವರಿಗೆ ಈ ಕೆಲಸ ಬೇಗ ಅರ್ಥವಾಗುತ್ತದೆ. ಇಡೀ ಕಾರಿನ ತೂಕ 900 ಕೆಜಿಯ ಆಸುಪಾಸು. ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿಸುತ್ತೇನೆ. ಖಣ್ ಅನ್ನುವ ಬದಲು ಡಬ್ ಅಂದಾಗ ಜನ ಬೆಚ್ಚುತ್ತಾರೆ.

ನಾನು ಕೊಂಡಾಗ ಚಾಲಕನ ಕಡೆಯ ಬಾಗಿಲಿನ ಕಂಬ ಗೆದ್ದಲು ತಿಂದು ಟೊಳ್ಳಾಗಿತ್ತು. ಬಳ್ಳಾರಿಯ ಒಬ್ಬ ಬಡಗಿ ಹಳೇ ತೇಗದ ತುಂಡಿನಲ್ಲಿ ಅದನ್ನು ಹೊಸದಾಗಿ ಕೊರೆದು ಕೂರಿಸಿದರು. ಅವರು ಅದಕ್ಕೆ ಮೊದಲು ಕಾರಿನ ಕೆಲಸ ಮಾಡಿದವರೇ ಅಲ್ಲ, ತೇರಿನ ಕೆಲಸ ಮಾಡಿದವರು.

"ಸೀಮೆಎಣ್ಣಿ ಹಾಕಿದ್ರೂ ಓಡ್ತಿತ್ತಂತ, ಇದ್ದಿಲಿಂದಾನೂ ಓಡ್ತಿತ್ತಂತ. ಸುಮ್ನೆ ಹೇಳ್ತಾರಾ?"

ಎರಡರಲ್ಲಿ ಸುಳ್ಳಿನಂತೆ ಕೇಳುವುದೇ ಹೆಚ್ಚು ನಿಜ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ನಮ್ಮ ದೇಶದಲ್ಲಿ ಎಷ್ಟೋ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡಿದವು. ಬಸ್ಸಿನ ಹಿಂದೆ ಒಲೆಯಂಥ ಡ್ರಮ್ಮು ಇರುತ್ತಿತ್ತು. ಕಡಿಮೆ ಗಾಳಿಯಲ್ಲಿ ಇದ್ದಿಲು ಕೆಂಡವಾಗಿ ಉರಿದರೆ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ, ಎಂಜಿನ್ ಅದನ್ನೇ ಸುಡುತ್ತದೆ. ಏರು ಬಂದರೆ ಜನ ಇಳಿದು ತಳ್ಳಬೇಕು. ಈ ಕಾರು ಯುದ್ಧ ಮುಗಿದ ಮೇಲಿನದು, ಇದಕ್ಕೆ ಆ ಡ್ರಮ್ಮು ಯಾವತ್ತೂ ಕಟ್ಟಿಲ್ಲ.

ಸೀಮೆಎಣ್ಣೆ ಬೆರೆಸಿ ಓಡಿಸಿದವರು ಬಹಳ ಇದ್ದರು. ಆಗಿನ ಎಂಜಿನ್‌ಗಳ ಕಂಪ್ರೆಷನ್, ಅಂದರೆ ಸುಡುವ ಮೊದಲು ಗಾಳಿ-ಪೆಟ್ರೋಲನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು, ಕಡಿಮೆ, ನನ್ನ ಕಾರಿನದು 7.25 ಪಟ್ಟು. ಬಿಸಿಯಾದ ಮೇಲೆ ಹೇಗೋ ಓಡುತ್ತಿತ್ತು. ಆದರೆ ಸುಡದೇ ಉಳಿದ ಸೀಮೆಎಣ್ಣೆ ಕೆಳಗಿಳಿದು ಆಯಿಲ್ ಜೊತೆ ಸೇರುತ್ತದೆ, ಬೇರಿಂಗು ಹೋಗುತ್ತದೆ. ದಯವಿಟ್ಟು ಯಾರೂ ಮಾಡಿ ನೋಡಬೇಡಿ.

"ನಮ್ಮೂರಾಗ ಒಬ್ರ ಕೊಟ್ಟಿಗ್ಯಾಗ ಇಂಥದ ಒಂದು ಬಿದ್ದೈತಿ. ಬರ್ತೀರಾ ನೋಡಾಕ?"

ಕರೆದರೆ ಹೋಗುತ್ತೇನೆ. ಕುರುಗೋಡು, ಕಂಪ್ಲಿ, ಸಂಡೂರು ಕಡೆಯ ಹಳ್ಳಿಗಳಿಗೆಲ್ಲ ಹೋಗಿ ಬಂದಿದ್ದೇನೆ. ಎಂಜಿ ಇದುವರೆಗೆ ಒಂದೂ ಸಿಕ್ಕಿಲ್ಲ. ಒಂದು ಕಡೆ ಹಳೇ ಜೀಪಿನ ಚಾಸಿ, ಇನ್ನೊಂದು ಕಡೆ ಬರೀ ಬಾನೆಟ್ಟು, ಅದರ ಮೇಲೆ ಹಪ್ಪಳ ಒಣಹಾಕಿದ್ದರು.

ಸಿರುಗುಪ್ಪದ ಹತ್ತಿರ ಮಾತ್ರ ಮೈ ಜುಮ್ ಅನಿಸಿತು. ಭತ್ತದ ಚೀಲಗಳ ಹಿಂದೆ ಟಾರ್ಪಾಲು, ಅದರ ಕೆಳಗೆ ದುಂಡಗಿನ ಮಡ್‌ಗಾರ್ಡು. ಚೀಲ ಸರಿಸಿದರೆ ಹಿಂದೂಸ್ತಾನ್ ಲ್ಯಾಂಡ್‌ಮಾಸ್ಟರ್. ಅಂಬಾಸಿಡರ್‌ಗೆ ಮೊದಲು ಬಂದ ಕಾರು ಅದು, ಅದರ ಮೂಲವೂ ಮಾರಿಸ್ಸೇ. ಮನೆಯ ಅಮ್ಮ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದರು. ಹತ್ತಿ ಮಾರಿದ ದುಡ್ಡಲ್ಲಿ ಗಂಡ ಅದನ್ನು ತಂದ ದಿನ ಊರಿಗೆಲ್ಲ ಬೆಲ್ಲ ಹಂಚಿದ್ದರಂತೆ. ಮಾರುತ್ತೀರಾ ಅಂತ ನಾನು ಕೇಳಲಿಲ್ಲ. ಅವರು ಒಳಗೆ ಹೋಗಿ, ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಹಾರ್ನ್ ಬಟನ್ ತಂದು ತೋರಿಸಿದರು. ಕಳ್ಳರು ಒಯ್ದಾರು ಅಂತ ಅದೊಂದನ್ನು ಬಿಚ್ಚಿಟ್ಟುಕೊಂಡಿದ್ದರು.

## ಮೆಕ್ಯಾನಿಕ್ಕುಗಳು ಕೇಳುವುದು

"ಕೆಳಗ ಆಯಿಲ್ ಸೋರಾಕತ್ತೈತಲ್ಲ, ಸೀಲ್ ಹೋಗೈತೇನು?"

ಹೋಗಲು ಅಲ್ಲಿ ರಬ್ಬರ್ ಸೀಲೇ ಇಲ್ಲ. ಎಂಜಿನ್ ಒಳಗೆ ತಿರುಗುವ ದಂಡ, ಕ್ರ್ಯಾಂಕ್‌ಶಾಫ್ಟು, ಅದರ ಹಿಂತುದಿಯಲ್ಲಿ ಸ್ಕ್ರೂ ಥರದ ಗೀರು ಕೊರೆದಿದ್ದಾರೆ. ಎಂಜಿನ್ ತಿರುಗುವಾಗ ಆ ಗೀರು ಆಯಿಲನ್ನು ಒಳಕ್ಕೆ ತಳ್ಳುತ್ತದೆ. ನಿಂತಾಗ ತಳ್ಳುವುದು ನಿಲ್ಲುತ್ತದೆ, ನಾಲ್ಕು ಹನಿ ಬೀಳುತ್ತದೆ. ಕೆಳಗೆ ತಟ್ಟೆ ಇಡುತ್ತೇನೆ. ತಟ್ಟೆ ತುಂಬಿದರೆ ಮಾತ್ರ ಚಿಂತೆ.

"ಬೋಲ್ಟಿಗೆ ಯಾವ ಸೈಜಿನ ಸ್ಪ್ಯಾನರ್ರೂ ಕೂಡಂಗಿಲ್ಲ, ಯಾಕ?"

ಇದು ನನಗೆ ಬಹಳ ಇಷ್ಟವಾದ ಪ್ರಶ್ನೆ. ಎಂಜಿನ್‌ನ ಬೋಲ್ಟುಗಳ ಮರೆ, ಅಂದರೆ ತಿರುಗಿಸಿ ಕೂರಿಸುವ ಸ್ಕ್ರೂ ಗೀರು, ಎಲ್ಲ ಮೆಟ್ರಿಕ್, ಆದರೆ ಬೋಲ್ಟಿನ ತಲೆ ಇಂಗ್ಲಿಷರ ವಿಟ್‌ವರ್ತ್ ಅಳತೆ. ಕಾರಣ ಮೊದಲನೇ ಮಹಾಯುದ್ಧದಲ್ಲಿದೆ. ಫ್ರಾನ್ಸಿನ ಹಾಚ್‌ಕಿಸ್ ಅನ್ನುವ ಬಂದೂಕಿನ ಕಂಪನಿ ಆಗ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಕಾರ್ಖಾನೆ ತೆರೆಯಿತು. ಅವರ ಯಂತ್ರಗಳೆಲ್ಲ ಮೆಟ್ರಿಕ್ ಮರೆ ಕೊರೆಯುವಂಥವು. 1923ರಲ್ಲಿ ಮಾರಿಸ್ ಆ ಕಾರ್ಖಾನೆ ಕೊಂಡರು. ಯಂತ್ರ ಬದಲಿಸಲು ದುಡ್ಡು ಜಾಸ್ತಿ. ಊರಿನ ಮೆಕ್ಯಾನಿಕ್ಕುಗಳ ಹತ್ತಿರ ಇದ್ದದ್ದು ವಿಟ್‌ವರ್ತ್ ಸ್ಪ್ಯಾನರು. ಹಾಗಾಗಿ ಮರೆ ಫ್ರೆಂಚರದು, ತಲೆ ಇಂಗ್ಲಿಷರದು. ಒತ್ತಾಯದಿಂದ 13 ನಂಬರ್ ಸ್ಪ್ಯಾನರ್ ಹಾಕಿ ಮೂಲೆ ಸವೆಸಬೇಡಿ.

"ಬ್ಯಾಟರಿ ಉಲ್ಟಾ ಕೊಟ್ಟೀರಲ್ಲ?"

ಉಲ್ಟಾ ಅಲ್ಲ. ಈಗಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ಕಡೆ ಕಾರಿನ ಮೈಗೆ ಅರ್ತ್ ಆಗಿರುತ್ತದೆ, ಈ ಕಾರಿನಲ್ಲಿ ಪ್ಲಸ್ ಕಡೆ. ಒಮ್ಮೆ ಒಂದು ಅಂಗಡಿಯಲ್ಲಿ ನಾನು ಟೀ ಕುಡಿದು ಬರುವಷ್ಟರಲ್ಲಿ ಸರಿ ಮಾಡಿಕೊಡುತ್ತೇವೆ ಅಂತ ತಿರುಗಿಸಿ ಹಾಕಿದ್ದರು. ಡೈನಮೋ ಚಾರ್ಜ್ ಮಾಡುವುದೇ ಬಿಟ್ಟಿತು. ಈಗ ಬ್ಯಾಟರಿ ಪೆಟ್ಟಿಗೆಯ ಮೇಲೆ ಕನ್ನಡದಲ್ಲೂ ತೆಲುಗಲ್ಲೂ ಬರೆಸಿದ್ದೇನೆ.

"ಬಳ್ಳಾರಿ ಬಿಸಿಲಿಗೆ ತಡೀತೈತಾ?"

ನೀರು ಕುದಿಯುವುದು ಸಣ್ಣ ತೊಂದರೆ, ರೇಡಿಯೇಟರ್ ಚೊಕ್ಕಟವಾಗಿದ್ದರೆ ಸಾಕು. ದೊಡ್ಡ ತೊಂದರೆ ಪೆಟ್ರೋಲ್ ಆವಿಯಾಗುವುದು. ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರ್ ಎರಡೂ ಸೈಲೆನ್ಸರ್ ಪೈಪಿನ ಪಕ್ಕದಲ್ಲೇ ಇವೆ. 40 ಡಿಗ್ರಿ ದಾಟಿದ ದಿನ ನಿಧಾನ ಹೋದರೆ ಪೈಪಿನಲ್ಲೇ ಪೆಟ್ರೋಲ್ ಗುಳ್ಳೆ ಏಳುತ್ತದೆ. ಒಂದು ಮೇ ತಿಂಗಳಲ್ಲಿ ಕುಡತಿನಿ ದಾಟಿದ ಮೇಲೆ ಹಾಗಾಯಿತು. ಮೊದಲು ಪೆಟ್ರೋಲ್ ಪಂಪಿನ ಸದ್ದು ಬದಲಾಯಿತು. ಆಗೊಮ್ಮೆ ಈಗೊಮ್ಮೆ ಟಕ್ ಅನ್ನುವುದು ಟಕಟಕಟಕ ಅಂತ ಬಡಿದುಕೊಂಡಿತು. ನೂರು ಗಜ ಹೋಗಿ ಕಾರು ನಿಂತಿತು. ಚಹಾ ಅಂಗಡಿಯ ಅಕ್ಕ ಗೋಣಿಚೀಲ ನೆನೆಸಿ ಕೊಟ್ಟರು. ಪಂಪಿನ ಮೇಲೆ ಹೊದಿಸಿ ಕಾಲು ಗಂಟೆ ಕೂತೆ, ಹೊರಟಿತು. ಈಗ ಪೈಪಿಗೆ ಶಾಖ ತಡೆಯುವ ಬಟ್ಟೆ ಸುತ್ತಿದ್ದೇನೆ. ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಮನೆ ಸೇರುತ್ತೇನೆ. ಆದರೂ ಒಂದು ಗೋಣಿಚೀಲ ಸೀಟಿನ ಹಿಂದೆ ಇದ್ದೇ ಇರುತ್ತದೆ.

ಧೂಳಿನದು ಬೇರೆ ಕಥೆ. ಅದಿರು ಲಾರಿ ಓಡುವ ರಸ್ತೆಯ ಕೆಂಪು ಧೂಳನ್ನು ಒಣಬಟ್ಟೆಯಿಂದ ಒರೆಸಬೇಡಿ. ಅದು ಉಪ್ಪುಕಾಗದದ ಥರ. ನೀರು ಸುರಿದು ತೊಳೆಯಬೇಕು.

"ಈಗಿನ ಎಥೆನಾಲ್ ಪೆಟ್ರೋಲ್ ಇದಕ್ಕ ಆಗ್ತೈತಾ?"

ಓಡುತ್ತದೆ, ಆದರೆ ಹಳೆಯ ರಬ್ಬರನ್ನು ತಿನ್ನುತ್ತದೆ. ಎಥೆನಾಲ್ ತಡೆಯುವ ಹೋಸ್, ವಾಷರ್ ಎಲ್ಲ ಹೊಸದಾಗಿ ಹಾಕಿದ್ದೇನೆ. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಅದಕ್ಕೇ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವ ಮೊದಲು ಕಾರ್ಬ್ಯುರೇಟರ್ ಖಾಲಿ ಮಾಡಿಡಬೇಕು. ಇನ್ನೊಂದು, 2000ದಲ್ಲಿ ನಮ್ಮಲ್ಲಿ ಸೀಸದ ಪೆಟ್ರೋಲ್ ನಿಂತಿತು. ಹಳೆ ಎಂಜಿನ್‌ನ ವಾಲ್ವ್ ಸೀಟು ಸವೆಯದಂತೆ ಆ ಸೀಸವೇ ಕಾಪಾಡುತ್ತಿತ್ತು. ಎಂಜಿನ್‌ನ ಹೆಡ್ ಬಿಚ್ಚಿದಾಗ ಗಟ್ಟಿ ವಾಲ್ವ್ ಸೀಟು ಕೂರಿಸುವುದು ಒಳ್ಳೆಯದು.

## ಕಾಗದ, ಕೊಳ್ಳುವುದು

"ಹದಿನೈದು ವರ್ಷ ಆದ್ರ ಗುಜರಿಗೆ ಹಾಕ್ಬೇಕಲ್ಲ, ಇದನ್ನ ಹೆಂಗ್ ಬಿಟ್ಟಾರ?"

ಹದಿನೈದು ವರ್ಷಕ್ಕೆ ಸ್ವಂತ ಕಾರಿನ ನೋಂದಣಿಯ ಅವಧಿ ಮುಗಿಯುತ್ತದೆ. ನಮ್ಮ ರಾಜ್ಯದಲ್ಲಿ ಗಾಡಿ ಸರಿಯಿದ್ದರೆ ತಪಾಸಣೆ ಮಾಡಿಸಿ ಮತ್ತೆ ನೋಂದಾಯಿಸಬಹುದು. 50 ವರ್ಷ ದಾಟಿದ, ಮೂಲ ರೂಪ ಕೆಡದ ವಾಹನಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ನಿಯಮ ತಂದಿದೆ. ಹೊಸದಾಗಿ ನೋಂದಾಯಿಸಿದರೆ ರಾಜ್ಯದ ಅಕ್ಷರದ ನಂತರ ವಿಎ ಅಂತ ಬರುವ ನಂಬರ್ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ. ಆಮೇಲೆ 5,000. ಮೊದಲೇ ನೋಂದಣಿ ಇದ್ದವರು ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ವಿಂಟೇಜ್ ಕಾರನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದಕ್ಕೆ ರಸ್ತೆಗೆ ತರಬಹುದು. ದಿನಾ ಆಫೀಸಿಗೆ ಹೋಗುವಂತಿಲ್ಲ.

"ಎಷ್ಟಕ್ಕ ಕೊಡ್ತೀರಿ?"

ಕೊಡುವುದಿಲ್ಲ.

"ನಾನೂ ಒಂದು ತಗೋಬೇಕಂತೀನಿ. ಏನ್ ನೋಡ್ಬೇಕು?"

ಬಣ್ಣ, ಕ್ರೋಮು ನೋಡಿ ಮರುಳಾಗಬೇಡಿ, ಅದು ಸುಲಭದ ಕೆಲಸ. ಎಂಜಿನ್ನೂ ಸುಲಭ. ಇಂಗ್ಲೆಂಡಿನಲ್ಲಿ ಇವತ್ತಿಗೂ ಇದರ ಬಿಡಿಭಾಗ ಹೊಸದಾಗಿ ತಯಾರಾಗುತ್ತವೆ. ಮೊದಲು ಚಾಸಿ ನಂಬರನ್ನೂ ಎಂಜಿನ್ ನಂಬರನ್ನೂ ಕಾಗದದ ಜೊತೆ ಹೋಲಿಸಿ. ಚಾಸಿ ನಂಬರ್ ಟಿಡಿ ಅಂತ, ಎಂಜಿನ್ ನಂಬರ್ ಎಕ್ಸ್‌ಪಿಎಜಿ ಅಂತ ಶುರುವಾಗಬೇಕು.

ಆಮೇಲೆ ಮರ ನೋಡಿ. ಮಾರುವವರು ಟೀ ತರಿಸುವಾಗ ನೀವು ಬಾಗಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತುಕೊಳ್ಳಿ. ಬಾಗಿಲು ಅರ್ಧ ತೆಗೆದು, ತುದಿಯನ್ನು ಎರಡು ಬೆರಳಲ್ಲಿ ಮೇಲಕ್ಕೆತ್ತಿ. ಹಿಂಜಿನ ಬುಡದಲ್ಲಿ ಕಂಬವೇ ಅಲುಗಿದರೆ ಒಳಗಿನ ಮರ ಹೋಗಿದೆ ಅಂತ ಲೆಕ್ಕ. ನಂತರ ಸೀಟು ಎತ್ತಿ, ನೆಲದ ಹಲಗೆಯ ಮೂಲೆಗೆ ಉಗುರು ಒತ್ತಿ ನೋಡಿ, ಪುಡಿ ಉದುರುತ್ತದಾ ಅಂತ. ಬಾಗಿಲು ಮುಚ್ಚುವಾಗ ದೂಡಬೇಡಿ, ತನ್ನ ಭಾರಕ್ಕೆ ತಾನೇ ಹೋಗಲು ಬಿಡಿ. ಮರ ಗಟ್ಟಿ ಇರುವ ಟಿಡಿಯಲ್ಲಿ ಅದು ಎರಡು ಸಣ್ಣ ಸದ್ದು ಮಾಡಿ ಕೂರುತ್ತದೆ, ಟಿಕ್ ಟಕ್ ಅಂತ. ಆ ಎರಡನೇ ಸದ್ದು ಕೇಳಿಸಿದರೆ ನನಗೊಂದು ಫೋನ್ ಮಾಡಿ, ಜೊತೆಗೆ ಬರುತ್ತೇನೆ.